ಎರಡು ದಿನದ ಮೇಷ್ಟ್ರು

ಕೋಣೆಗೆ ಕಾಲಿಟ್ಟವರು ಮೊದಲು ನೋಡುವುದು ಗೋಡೆಯ ಬುಡವನ್ನು. ಒಳಗೆ ಮೂವತ್ತು ಜನ ಕೂತಿರಲಿ, ಮ್ಯಾನೇಜರು ಕೈ ಕುಲುಕಲು ಎದ್ದು ನಿಂತಿರಲಿ, ಎಚ್‌ಆರ್ ಹುಡುಗಿ ‘ವೆಲ್‌ಕಮ್ ಸಾರ್’ ಎನ್ನುತ್ತಿರಲಿ, ಅವರ ಕಣ್ಣು ಮಾತ್ರ ನೆಲದಿಂದ ಒಂದಡಿ ಮೇಲೆ ಗೋಡೆಗುಂಟ ಹರಿದಾಡುತ್ತಿರುತ್ತದೆ. ಪ್ಲಗ್ ಪಾಯಿಂಟ್ ಕಂಡ ಮೇಲೆ ಮುಖದಲ್ಲಿ ನಗು. ಅದರಲ್ಲಿ ಕರೆಂಟ್ ಇದೆಯೆಂದು ಖಾತ್ರಿಯಾದ ಮೇಲೆ ಕೈ ಕುಲುಕು.

ಇವರು ಊರೂರು ತಿರುಗುವ ಕಾರ್ಪೊರೇಟ್ ಟ್ರೇನರು. ಸಾಫ್ಟ್‌ವೇರ್ ಕಂಪನಿಗಳ ಎಂಜಿನಿಯರುಗಳಿಗೆ ಗಿಟ್, ಜೆಂಕಿನ್ಸ್, ಡಾಕರ್, ಕುಬರ್ನೆಟಿಸ್ ಮುಂತಾದ ಕಸುಬಿನ ಸಲಕರಣೆಗಳನ್ನು ಕಲಿಸಿಕೊಡುವುದು ಕೆಲಸ. ಸೋಮವಾರ ಹಿಂಜವಡಿ, ಬುಧವಾರ ಹೈಟೆಕ್ ಸಿಟಿ, ಶುಕ್ರವಾರ ಎಲೆಕ್ಟ್ರಾನಿಕ್ ಸಿಟಿ. ಈ ಮೂರರಲ್ಲಿ ಪ್ರಯಾಸದ ಪ್ರಯಾಣ ಯಾವುದೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಇವರ ಹೆಸರು ಹೇಳುವುದು ಬೇಡ. ಹೇಳಿದರೆ ಇನ್ನೂ ಇಪ್ಪತ್ತು ಮಂದಿ ‘ಇದು ನನ್ನನ್ನೇ ಕುರಿತು ಬರೆದದ್ದು’ ಎಂದು ಜಗಳಕ್ಕೆ ಬಂದಾರು. ಗೆಳೆಯರು ಕರೆಯುವಂತೆ ಗಿಟ್ ಮೇಷ್ಟ್ರು ಎಂದುಕೊಳ್ಳೋಣ.

ಗಿಟ್ ಎಂದರೆ ಏನೆಂದು ಕೇಳುವವರಿಗೆ ಒಂದು ಮಾತು. ಒಂದೇ ಪ್ರೋಗ್ರಾಮಿಗೆ ಹತ್ತಾರು ಜನ ಕೈ ಹಾಕುತ್ತಾರಲ್ಲ, ಆಗ ಯಾರು, ಯಾವಾಗ, ಯಾವ ಸಾಲು ತಿದ್ದಿದರು ಎಂದು ಲೆಕ್ಕ ಬರೆದಿಡುವ ಗುಮಾಸ್ತ ಅದು. ಲಿನಕ್ಸ್ ಖ್ಯಾತಿಯ ಲೈನಸ್ ಟೊರ್ವಾಲ್ಡ್ಸ್ ಅದನ್ನು ಬರೆಯಲು ಕೂತದ್ದು 2005ರ ಏಪ್ರಿಲ್ 3ಕ್ಕೆ. ಏಪ್ರಿಲ್ 7ರ ಹೊತ್ತಿಗೆ ಅದು ತನ್ನ ಲೆಕ್ಕವನ್ನು ತಾನೇ ಬರೆದುಕೊಳ್ಳತೊಡಗಿತ್ತು. ಇಂಗ್ಲೆಂಡಿನ ಆಡುಮಾತಿನಲ್ಲಿ ಗಿಟ್ ಎಂದರೆ ಸಹಿಸಲಾಗದ ಮನುಷ್ಯ. ನನ್ನ ಯೋಜನೆಗಳಿಗೆಲ್ಲ ನನ್ನ ಹೆಸರನ್ನೇ ಇಡುತ್ತೇನೆ, ಮೊದಲು ಲಿನಕ್ಸ್, ಈಗ ಗಿಟ್ ಎಂದು ಆತ ತನ್ನನ್ನೇ ಗೇಲಿ ಮಾಡಿಕೊಂಡದ್ದುಂಟು. ಈ ಕಥೆ ಮೇಷ್ಟ್ರ ಮೂರನೇ ಸ್ಲೈಡು. ಬೆಳಿಗ್ಗೆ 9.50ಕ್ಕೆ ಬರುತ್ತದೆ, ಯಾರೂ ನಗುವುದಿಲ್ಲ, ಅವರು ಎರಡು ಸೆಕೆಂಡು ಕಾದು ನಾಲ್ಕನೇ ಸ್ಲೈಡಿಗೆ ಹೋಗುತ್ತಾರೆ. ಆ ಎರಡು ಸೆಕೆಂಡು ಹದಿಮೂರು ವರ್ಷದಿಂದ ಬದಲಾಗಿಲ್ಲ.

ಅವರ ಬ್ಯಾಗು ಎಸ್‌ಪಿ ರಸ್ತೆಯ ಒಂದು ತುಣುಕು. ಐದು ಮೀಟರ್ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್, ಎಚ್‌ಡಿಎಂಐಯಿಂದ ವಿಜಿಎಗೆ ಒಂದು ಬಾಲ, ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಇನ್ನೊಂದು ಬಾಲ, ಸ್ಲೈಡ್ ತಿರುಗಿಸುವ ರಿಮೋಟು, ಅದಕ್ಕೆ ಎರಡು ಸೆಲ್ಲು, ನಾಲ್ಕು ಬಣ್ಣದ ಮಾರ್ಕರ್ ಪೆನ್ನು. ಕಂಪನಿಯವರ ಮಾರ್ಕರ್‌ಗಳಲ್ಲಿ ಹಸಿರೊಂದು ಬಿಟ್ಟು ಬೇರೆ ಯಾವುದೂ ಬರೆಯುವುದಿಲ್ಲ, ಆ ಹಸಿರು ಹಿಂದಿನ ಸಾಲಿಗೆ ಕಾಣುವುದಿಲ್ಲ. ಇದು ಅವರು ಅನುಭವದಿಂದ ಕಂಡುಕೊಂಡ ನಿಯಮ. ಸೈಡ್ ಜೇಬಿನಲ್ಲಿ ಗಂಟಲಿಗೆಂದು ಜೇಷ್ಠಮಧು, ಕಲ್ಲುಸಕ್ಕರೆ. ವಿಜಿಎ ಪೋರ್ಟನ್ನು ಐಬಿಎಂ ತಂದದ್ದು 1987ರಲ್ಲಿ. ಮೇಷ್ಟ್ರು ಕಲಿಸಿದ ಎಷ್ಟೋ ಟೂಲುಗಳು ಅದಾದ ಮೇಲೆ ಹುಟ್ಟಿ, ಮೆರೆದು, ಸತ್ತವು. ವಿಜಿಎ ಮಾತ್ರ ಯಾವುದಾದರೊಂದು ಪ್ರೊಜೆಕ್ಟರಿನ ಬೆನ್ನಲ್ಲಿ ಇನ್ನೂ ಉಸಿರಾಡಿಕೊಂಡಿದೆ.

ಈ ಬ್ಯಾಗನ್ನು ಏಳು ಕಿಲೋ ಒಳಗೆ ತೂಗಿಸಿ ವಿಮಾನ ಹತ್ತಬೇಕು. ದೇವನಹಳ್ಳಿಯ ಸೆಕ್ಯುರಿಟಿಯಲ್ಲಿ ಎಕ್ಸ್‌ರೇ ನೋಡುವವರು ಪ್ರತಿ ಸಲವೂ ಬೆಲ್ಟು ನಿಲ್ಲಿಸುತ್ತಾರೆ.

‘ಯೇ ಕ್ಯಾ ಹೈ?’

‘ಎಕ್ಸ್‌ಟೆನ್ಷನ್ ಬೋರ್ಡ್, ಸರ್.’

‘ಕ್ಯೋಂ?’

ಹಿಂದೆ ನಲವತ್ತು ಜನರ ಕ್ಯೂ ಇರುವಾಗ ಈ ‘ಕ್ಯೋಂ’ಗೆ ಚುಟುಕಾದ ಉತ್ತರ ಅವರಿಗೆ ಇವತ್ತಿನವರೆಗೂ ಹೊಳೆದಿಲ್ಲ.

ಮೇಷ್ಟ್ರ ತಂದೆಯೂ ಮೇಷ್ಟ್ರೇ. ತಿಪಟೂರು ತಾಲ್ಲೂಕಿನ ಹಳ್ಳಿಗಳಲ್ಲಿ ಪ್ರೈಮರಿ ಸ್ಕೂಲು ನಡೆಸಿ, ಹೆಡ್‌ಮಾಸ್ಟರಾಗಿ ರಿಟೈರಾದವರು. ಐದಾರು ವರ್ಷಕ್ಕೊಮ್ಮೆ ವರ್ಗವಾದರೇ ಮನೆಯಲ್ಲಿ ಗೋಳಾಟ ಏಳುತ್ತಿದ್ದ ಕಾಲ ಅದು. ವಾರಕ್ಕೆ ಮೂರು ಸಲ ವರ್ಗವಾಗುವ ಮಗನ ನೌಕರಿ ಅವರಿಗೆ ಅರ್ಥವಾಗಿಲ್ಲ. ಒಂದು ಯುಗಾದಿಗೆ ಊರಿಗೆ ಹೋಗಿದ್ದಾಗ ಜಗಲಿಯ ಮೇಲೆ ವಿಚಾರಣೆ ನಡೆಯಿತು.

‘ಒಂದೊಂದು ಕಡೆ ಎಷ್ಟು ದಿನ ಪಾಠ ಮಾಡ್ತೀಯೋ?’

‘ಎರಡು ದಿನ ಅಪ್ಪಾ.’

‘ಎರಡು ದಿನಕ್ಕೆ ಹುಡುಗರ ಹೆಸರೂ ಬಾಯಿಗೆ ಬರಲ್ವಲ್ಲೋ.’

‘ಹುಡುಗರಲ್ಲ, ಒಬ್ಬೊಬ್ಬರಿಗೂ ಎಂಟು ಹತ್ತು ವರ್ಷ ಸರ್ವಿಸ್ ಆಗಿರುತ್ತೆ.’

‘ಮತ್ತೆ ನಿನ್ನ ಹತ್ರ ಯಾಕೆ ಕಲೀತಾರೆ?’

‘ಕಂಪನಿ ಕಳಿಸಿರುತ್ತೆ.’

‘ಕೊನೇಲಿ ಪರೀಕ್ಷೆ ಇಡ್ತೀಯಾ?’

‘ಇಲ್ಲಪ್ಪ. ಕೊನೇಲಿ ಅವರೇ ನನಗೆ ಮಾರ್ಕ್ಸ್ ಕೊಡ್ತಾರೆ.’

ಹೆಡ್‌ಮಾಸ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಮಗನನ್ನು ಒಂದು ಸಲ ಪೂರ್ತಿ ನೋಡಿ, ಒಳಗೆ ಕಾಫಿಗೆ ಕೂಗಿದರು.

ಐಟಿ ಪಾರ್ಕಿನ ಗೇಟು ದಾಟುವುದೇ ಒಂದು ಉಪನಯನ. ಆಧಾರ್ ತೋರಿಸಿ, ಫೋಟೊ ತೆಗೆಸಿಕೊಂಡು, ಲ್ಯಾಪ್‌ಟಾಪ್ ಬೆನ್ನಿನ ಸೀರಿಯಲ್ ನಂಬರನ್ನು ರಿಜಿಸ್ಟರಿನಲ್ಲಿ ಬರೆದು, ಮೊಬೈಲಿನ ಕ್ಯಾಮೆರಾ ಕಣ್ಣಿಗೆ ಸ್ಟಿಕರ್ ಅಂಟಿಸಿಕೊಂಡು, ಕುತ್ತಿಗೆಗೆ ‘ವಿಸಿಟರ್’ ಪಟ್ಟಿ ತೊಡಬೇಕು. ಪೆನ್‌ಡ್ರೈವ್ ಗೇಟಿನಲ್ಲೇ ಉಳಿಯಬೇಕು. ಕೆಲವು ಕಡೆ ಲ್ಯಾಪ್‌ಟಾಪಿಗೂ ಒಳಗೆ ಪ್ರವೇಶವಿಲ್ಲ. ಶೌಚಾಲಯಕ್ಕೂ ಜೊತೆಗೊಬ್ಬರು ಬರುತ್ತಾರೆ. ಹಾಗೆ ಒಳಗೆ ಹೋದರೆ ಕಂಪನಿಯವರು ಕೊಟ್ಟ ಮೆಷಿನಿನಲ್ಲಿ ಅಡ್ಮಿನ್ ಹಕ್ಕಿಲ್ಲ, ಗಿಟ್ ಇನ್‌ಸ್ಟಾಲ್ ಆಗಿಲ್ಲ, ಪ್ರಾಕ್ಸಿ ಯಾವುದನ್ನೂ ಡೌನ್‌ಲೋಡ್ ಮಾಡಗೊಡುವುದಿಲ್ಲ. ಐಟಿ ಸಪೋರ್ಟಿಗೆ ಟಿಕೆಟ್ ಹಾಕುತ್ತಾರೆ. ಎರಡು ದಿನದ ತರಬೇತಿಯ ಟಿಕೆಟ್ಟು ಮೂರನೇ ದಿನ ‘ರಿಸಾಲ್ವ್ಡ್’ ಎಂದು ಮುಚ್ಚಿಕೊಳ್ಳುತ್ತದೆ. ಆ ಮೇಲ್ ಬರುವ ಹೊತ್ತಿಗೆ ಮೇಷ್ಟ್ರು ಹೈದರಾಬಾದಿನ ಗೇಟಿನಲ್ಲಿ ಸೀರಿಯಲ್ ನಂಬರ್ ಓದಿ ಹೇಳುತ್ತಿರುತ್ತಾರೆ.

ಸಿಲೆಬಸ್ಸಿನ ಚೌಕಾಶಿ ಇದಕ್ಕೆ ಮೊದಲೇ ಮುಗಿದಿರುತ್ತದೆ. ಮೇಷ್ಟ್ರು ಐದು ದಿನದ ಪಟ್ಟಿ ಕಳಿಸುತ್ತಾರೆ. ‘ಎರಡು ದಿನದಲ್ಲಿ ಮುಗಿಸಿ ಸಾರ್, ಬೇಸಿಕ್ಸ್ ಬೇಡ, ನಮ್ಮವರಿಗೆಲ್ಲ ಗೊತ್ತು, ಬರೀ ಅಡ್ವಾನ್ಸ್ಡ್ ಸಾಕು’ ಎಂದು ಉತ್ತರ ಬರುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮೊಳಕ್ಕೂ ಇಷ್ಟು ಇಳಿಸಿ ಕೇಳುವವರಿಲ್ಲ. ಬೆಳಿಗ್ಗೆ ಪರಿಚಯದ ಸುತ್ತಿನಲ್ಲಿ ಪ್ರತಿಯೊಬ್ಬರೂ ಎದ್ದು ಹೆಸರು, ಅನುಭವ, ನಿರೀಕ್ಷೆ ಹೇಳಬೇಕು. ಮೊದಲನೆಯವರು ‘ಟು ಲರ್ನ್ ಗಿಟ್’ ಎನ್ನುತ್ತಾರೆ. ಎರಡನೆಯವರು ‘ಸೇಮ್’ ಎನ್ನುತ್ತಾರೆ. ಆಮೇಲಿನ ಇಪ್ಪತ್ತೇಳು ಜನರದೂ ‘ಸೇಮ್’. ಕೊನೆಯ ಬೆಂಚಿನವರೊಬ್ಬರು ಮಾತ್ರ ಪ್ರಾಮಾಣಿಕರು: ‘ಸರ್ಟಿಫಿಕೇಟ್ ಯಾವಾಗ ಬರುತ್ತೆ ಸಾರ್?’

ಉದ್ಘಾಟನೆಗೆ ಬಂದ ಮ್ಯಾನೇಜರು ‘ಫುಲ್ ಅಟೆನ್ಷನ್ ಕೊಡಿ, ಲ್ಯಾಪ್‌ಟಾಪಲ್ಲಿ ಆಫೀಸ್ ಕೆಲಸ ಮಾಡಬೇಡಿ’ ಎಂದು ಅಪ್ಪಣೆ ಮಾಡಿ ಹೊರಟುಹೋಗುತ್ತಾರೆ. ಹತ್ತೂವರೆಗೆ ಅದೇ ಮ್ಯಾನೇಜರಿಂದ ಏಳು ಜನಕ್ಕೆ ಅರ್ಜೆಂಟ್ ಮೆಸೇಜು.

ಪಾಠ ಶುರುವಾದ ಅರ್ಧ ಗಂಟೆಗೆ ಒಂದು ಅನಾಹುತ ನಿಶ್ಚಿತ, ಮೇಷ್ಟ್ರು ಅದಕ್ಕೆ ಗಡಿಯಾರ ನೋಡುತ್ತ ಕಾಯುತ್ತಾರೆ. ‘ಗಿಟ್ ಕಮಿಟ್’ ಎಂದು ಟೈಪ್ ಮಾಡಿ, ಪಕ್ಕದಲ್ಲಿ ‘ಮೈನಸ್ ಎಮ್’ ಹಾಕಿ ಒಂದು ಸಾಲು ಟಿಪ್ಪಣಿ ಬರೆಯಿರಿ ಎಂದಿರುತ್ತಾರೆ. ಮೂರನೇ ಸಾಲಿನಲ್ಲಿ ಒಬ್ಬಾಕೆ ‘ಮೈನಸ್ ಎಮ್’ ಮರೆತು ಎಂಟರ್ ಒತ್ತುತ್ತಾಳೆ. ಪರದೆ ಕಪ್ಪಾಗುತ್ತದೆ. ವಿಮ್ ಎಂಬ ಎಡಿಟರ್ ತೆರೆದುಕೊಂಡಿದೆ. ಎಡಬದಿಯಲ್ಲಿ ಅಲೆಯಾಕಾರದ ಗೆರೆಗಳು ಒಂದರ ಕೆಳಗೊಂದು. ಆಕೆ ಎಸ್ಕೇಪ್ ಒತ್ತುತ್ತಾಳೆ, ಕಂಟ್ರೋಲ್-ಸಿ ಒತ್ತುತ್ತಾಳೆ, ‘ಎಕ್ಸಿಟ್’ ಎಂದು ಟೈಪ್ ಮಾಡಲು ನೋಡುತ್ತಾಳೆ, ಅಕ್ಷರಗಳು ಎಲ್ಲೆಲ್ಲೋ ಬೀಳುತ್ತವೆ. ಕೈ ಎತ್ತಲು ಸಂಕೋಚ. ಆರು ವರ್ಷದ ಅನುಭವ ಎಂದು ಈಗಷ್ಟೇ ಹೇಳಿಕೊಂಡಾಗಿದೆ. ತೆಂಗಿನಮರ ಹತ್ತಿಬಿಟ್ಟ ಹುಡುಗನ ಹಾಗೆ ಕೆಳಗೆ ನೋಡದೆ ಸುಮ್ಮನೆ ಕೂರುತ್ತಾಳೆ.

ಮೇಷ್ಟ್ರು ಅವಳ ಪರದೆ ನೋಡುವುದಿಲ್ಲ, ಭುಜ ನೋಡುತ್ತಾರೆ. ಬೆರಳು ನಿಂತ ಭುಜ ಅವರಿಗೆ ದೂರದಿಂದಲೇ ಗೊತ್ತು. ಹೋಗಿ ಪಕ್ಕದಲ್ಲಿ ನಿಂತು, ಕೀಬೋರ್ಡ್ ಮುಟ್ಟದೆ, ತಗ್ಗಿದ ದನಿಯಲ್ಲಿ ‘ಎಸ್ಕೇಪ್. ಕೋಲನ್. ಕ್ಯೂ. ಆಶ್ಚರ್ಯಸೂಚಕ. ಎಂಟರ್’ ಎನ್ನುತ್ತಾರೆ. ಆಕೆ ಇಳಿಯುತ್ತಾಳೆ. ಆಮೇಲೆ ಇಡೀ ಕ್ಲಾಸಿಗೆ ಕೇಳುವಂತೆ ಹೇಳುತ್ತಾರೆ: ವಿಮ್‌ನಿಂದ ಹೊರಬರುವುದು ಹೇಗೆ ಎಂದು ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಒಬ್ಬರು ಕೇಳಿದ್ದ ಪ್ರಶ್ನೆಯನ್ನು 2017ರ ಹೊತ್ತಿಗೇ ಹತ್ತು ಲಕ್ಷ ಸಲ ಜನ ತೆರೆದು ನೋಡಿದ್ದರು. ಆಗ ನಿಜವಾದ ನಗು ಬರುತ್ತದೆ, ಅದರ ಜೊತೆಗೆ ಇನ್ನೂ ನಾಲ್ಕು ಕೈ ಮೇಲೇಳುತ್ತವೆ. ಅವರೂ ಮರದ ಮೇಲೆಯೇ ಇದ್ದರು.

ಅವರ ಸ್ಲೈಡುಗಳಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಅದೇ ಪಾಠ ಯೂಟ್ಯೂಬಿನಲ್ಲಿ ಪುಕ್ಕಟೆ ಇದೆ, ಚಿತ್ರಗಳೂ ಚೆನ್ನಾಗಿವೆ. ಕಂಪನಿಗಳು ದುಡ್ಡು ಕೊಡುವುದು ಆ ಭುಜ ನೋಡುವ ಕಣ್ಣಿಗೆ. ಇನ್‌ವಾಯ್ಸಿನಲ್ಲಿ ಮಾತ್ರ ಅದಕ್ಕೆ ಬೇರೆ ಸಾಲಿಲ್ಲ.

ಕೈ ಎತ್ತುವ ಈ ಸಂಕೋಚಕ್ಕೆ ಅವರು ಒಂದು ಮದ್ದು ತಂದಿದ್ದರು. ವಿಜ್ಞಾನಿಗಳಿಗೆ ಪ್ರೋಗ್ರಾಮಿಂಗ್ ಕಲಿಸಲು 1998ರಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ಶುರುಮಾಡಿದ ಸಾಫ್ಟ್‌ವೇರ್ ಕಾರ್ಪೆಂಟ್ರಿ ಎಂಬುದಿದೆ. ಅದರ ಕಮ್ಮಟಗಳಲ್ಲಿ ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ ಕೊಡುತ್ತಾರೆ. ಕೆಲಸ ಸಾಗಿದರೆ ಒಂದು ಬಣ್ಣ, ಸಿಕ್ಕಿಕೊಂಡರೆ ಇನ್ನೊಂದು, ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದರೆ ಸಾಕು. ಮೇಷ್ಟ್ರು ಹಸಿರು, ಕೆಂಪು ಹಂಚಿದರು. ಹತ್ತು ನಿಮಿಷದಲ್ಲಿ ಇಡೀ ಕೋಣೆ ಹಸಿರೋ ಹಸಿರು, ಮಲೆನಾಡು. ಸಂತೋಷದಿಂದ ಒಂದು ಸುತ್ತು ಹಾಕಿ ನೋಡಿದರೆ ಹನ್ನೊಂದು ಮಂದಿ ಇನ್ನೂ ಪಾಸ್‌ವರ್ಡ್ ಹುಡುಕುತ್ತಿದ್ದರು. ಅಪ್ರೈಸಲ್ ತಿಂಗಳಲ್ಲಿ ಕೆಂಪು ಚೀಟಿ ಅಂಟಿಸುವವರು ಯಾರು? ಉಳಿದ ಕೆಂಪು ಚೀಟಿಗಳ ಮೇಲೆ ಈಗ ಮೇಷ್ಟ್ರ ಮನೆಯಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಖು ಬರೆಯುತ್ತಾರೆ.

ಮೈಸೂರು, ಹುಬ್ಬಳ್ಳಿಗಳಲ್ಲಿ ಕ್ಲಾಸಿದ್ದರೆ ಅವರ ವರಸೆಯೇ ಬೇರೆ. ಇಂಗ್ಲಿಷಿನ ಸ್ಲೈಡು ಗೋಡೆಯ ಮೇಲೆ ಉರಿಯುತ್ತಿರುತ್ತದೆ, ಮಾತು ಮೆಲ್ಲಗೆ ಕನ್ನಡಕ್ಕೆ ಇಳಿಯುತ್ತದೆ. ‘ಪಹಣಿ ನೋಡಿದ್ದೀರಲ್ಲ?’ ಎಂದು ಶುರುಮಾಡುತ್ತಾರೆ. ಜಮೀನು ಕೈ ಬದಲಾದಾಗ ಹಳೇ ಹೆಸರನ್ನು ರಬ್ಬರಿನಲ್ಲಿ ಅಳಿಸುವುದಿಲ್ಲ. ಮ್ಯುಟೇಶನ್ ಆಗುತ್ತದೆ, ಅದಕ್ಕೊಂದು ಎಂ.ಆರ್. ನಂಬರು ಬೀಳುತ್ತದೆ, ಯಾರಿಂದ ಯಾರಿಗೆ ಹೇಗೆ ಬಂತು ಎಂಬುದು ದಾಖಲೆಯಲ್ಲಿ ಉಳಿಯುತ್ತದೆ. ಗಿಟ್ಟಿನ ಕಮಿಟ್ ಅಂದರೆ ಒಂದು ಮ್ಯುಟೇಶನ್. ನಂಬರು ಮಾತ್ರ 40 ಅಕ್ಷರ ಉದ್ದ. ‘ಗಿಟ್ ಬ್ಲೇಮ್’ ಕೊಟ್ಟರೆ ಪ್ರತಿ ಸಾಲಿನ ಮುಂದೆ ಅದು ಯಾರ ಕೈಯಿಂದ ಬಂದದ್ದೆಂದು ಹೆಸರು ಹಿಡಿದು ಹೇಳುತ್ತದೆ. ‘ಫೋರ್ಸ್ ಪುಶ್’ ಅಂದರೆ ಮ್ಯುಟೇಶನ್ ರಿಜಿಸ್ಟರಿನ ಹಾಳೆಯನ್ನೇ ಹರಿದು ಹೊಸದು ಬರೆಸುವುದು. ಮಾಡಬಹುದು, ಆದರೆ ಊರಿಗೆಲ್ಲ ಗೊತ್ತಾಗುತ್ತದೆ.

ಇದು ಬರೀ ಚಮತ್ಕಾರದ ಹೋಲಿಕೆಯಲ್ಲ. ಎರಡು ದಶಕಕ್ಕೂ ಹಿಂದೆ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕ್ಲಾಸಿನಲ್ಲಿ ಕೂತಿರುವವರಲ್ಲಿ ಅರ್ಧದಷ್ಟು ಜನ ಅಪ್ಪನ ಜೊತೆ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಕ್ಯೂ ನಿಂತವರೇ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದರೆ ಬರುವ ‘ಮರ್ಜ್ ಕಾನ್‌ಫ್ಲಿಕ್ಟ್’ ಏನೆಂದು ಹುಬ್ಬಳ್ಳಿಯಲ್ಲಿ ವಿವರಿಸುವ ಅಗತ್ಯವೇ ಬೀಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹುಡುಗ, ‘ಅಂದ್ರ ಸರ, ಅಣ್ಣ-ತಮ್ಮ ಇಬ್ರೂ ಒಂದ ಪಟ್ಟಿ ಹೊಲದಾಗ ಬ್ಯಾರೆ ಬ್ಯಾರೆ ಬೀಜ ಬಿತ್ತಿದಂಗ ಆತಲ್ರಿ’ ಎಂದ. ‘ಬಗೆಹರಿಸೋದು ಯಾರು?’ ಎಂದರು ಮೇಷ್ಟ್ರು. ‘ಹಿರ್ಯಾರು ಕೂತು ಬಗಿಹರಸಬೇಕ್ರಿ, ಕಂಪ್ಯೂಟರಿಗೆ ಏನ್ ತಿಳಿತೈತ್ರಿ.’ ಆ ವಾಕ್ಯವನ್ನು ಮೇಷ್ಟ್ರು ಅಂದೇ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ನೋಯ್ಡಾದಲ್ಲಿ ಅದನ್ನು ಹಿಂದಿಯಲ್ಲಿ ಹೇಳಲು ಹೋಗಿ ಕೆಟ್ಟರು.

ಮಧ್ಯಾಹ್ನ ಎರಡರಿಂದ ಮೂರೂವರೆಯದು ಪಾಠವಲ್ಲ, ಮೊಸರನ್ನದ ವಿರುದ್ಧದ ಹೋರಾಟ. ಆ ಹೊತ್ತಿಗೆ ಅವರು ಯಾವುದೇ ಸಿದ್ಧಾಂತ ಇಟ್ಟುಕೊಳ್ಳುವುದಿಲ್ಲ, ಎಲ್ಲರ ಕೈಗೂ ಕೆಲಸ ಕೊಡುತ್ತಾರೆ.

ಹಾಗೆ ಕೈಗೆ ಕೆಲಸ ಕೊಡಲು ಹೋಗಿಯೇ ಪುಣೆಯ ಒಂದು ಕಂಪನಿಯಲ್ಲಿ ಎಡವಟ್ಟಾದದ್ದು. ಅಂದು ಪಾಠ ಡಾಕರಿನದು. ಪ್ರೋಗ್ರಾಮು ಓಡಲು ಬೇಕಾದ ಸರಂಜಾಮನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಡುವ ಸಲಕರಣೆ ಅದು. 2013ರ ಮಾರ್ಚಿನಲ್ಲಿ ಸಾಲೊಮನ್ ಹೈಕ್ಸ್ ಅಮೆರಿಕದ ಪೈಕಾನ್ ಸಮ್ಮೇಳನದಲ್ಲಿ ಐದು ನಿಮಿಷದ ಮಾತಿನಲ್ಲಿ ತೋರಿಸಿದ್ದೇ ಅದರ ಲೋಕಪ್ರವೇಶ. ಸಿದ್ಧ ಗಂಟುಗಳ ದೊಡ್ಡ ಉಗ್ರಾಣವೇ ಡಾಕರ್ ಹಬ್. 2020ರ ನವೆಂಬರಿನಿಂದ ಅಲ್ಲಿ ಒಂದು ಕಟ್ಟುಪಾಡು ಬಂತು: ಲಾಗಿನ್ ಆಗದೆ ಬಂದವರು ಒಂದು ಐಪಿ ವಿಳಾಸದಿಂದ ಆರು ಗಂಟೆಗೆ 100 ಗಂಟು ಮಾತ್ರ ಎಳೆಯಬಹುದು. ಮನೆಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡಿದ ಮೇಷ್ಟ್ರಿಗೆ ಅದು ತಟ್ಟಿರಲಿಲ್ಲ.

ಕ್ಲಾಸಿನಲ್ಲಿ ಮೂವತ್ತು ಜನ, ತಲೆಗೆ ನಾಲ್ಕು ಗಂಟು, ಒಟ್ಟು 120. ಎಲ್ಲರೂ ಆಫೀಸಿನ ಒಂದೇ ಬಾಗಿಲಿನಿಂದ ಹೊರಗೆ ಹೋಗುವವರು, ಹೊರಗಿನವರಿಗೆ ಕಾಣುವುದು ಒಂದೇ ಐಪಿ. ನೂರರ ಗಡಿ ದಾಟಿದ್ದೇ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ‘ಟೂ ಮೆನಿ ರಿಕ್ವೆಸ್ಟ್ಸ್’ ಎಂಬ ಕೆಂಪು ಸಾಲು ಮೂಡುತ್ತ ಹೋಯಿತು. ಅಷ್ಟಕ್ಕೇ ನಿಂತಿದ್ದರೆ ಸರಿ. ಐದು ನಿಮಿಷಕ್ಕೆ ನಾಲ್ಕನೇ ಮಹಡಿಯಿಂದ ಒಬ್ಬರು ಏದುಸಿರು ಬಿಡುತ್ತ ಓಡಿಬಂದು ಬಾಗಿಲು ತಳ್ಳಿ, ‘ಯಾರು ಡಾಕರ್ ಇಮೇಜ್ ಎಳೀತಿರೋದು?’ ಎಂದು ಕೂಗಿದರು. ಅವರದೂ ಅದೇ ಐಪಿ. ಗಿರಾಕಿಗೆ ಅಂದು ಸಂಜೆ ಕಳಿಸಬೇಕಿದ್ದ ಅವರ ತಂಡದ ಬಿಲ್ಡು ನಡುವೆಯೇ ನಿಂತಿತ್ತು. ಮೂವತ್ತು ಜನರೂ ಮೇಷ್ಟ್ರ ಕಡೆ ನೋಡಿದರು. ‘ಇದೇ ನೋಡಿ ರೇಟ್ ಲಿಮಿಟಿಂಗ್’ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ಆ ಗಳಿಗೆಯಲ್ಲಿ ಹಾಗೆ ಬರೆಯಲು ಬೇಕಾದ ಗುಂಡಿಗೆಗೆ ಯಾವ ಸರ್ಟಿಫಿಕೇಟೂ ಇಲ್ಲ. ಅಲ್ಲಿಂದಾಚೆ ಗಂಟುಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ಪೆನ್‌ಡ್ರೈವನ್ನು ಗೇಟಿನಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ.

ಟೂಲುಗಳು ಇವರನ್ನು ನೆಮ್ಮದಿಯಾಗಿ ಇರಗೊಡುವುದಿಲ್ಲ. ಮೇಷ್ಟ್ರು ಕಸುಬಿಗೆ ಇಳಿದಾಗ ಕೈಯಲ್ಲಿದ್ದದ್ದು ರ‍್ಯಾಷನಲ್ ರೋಸ್. 2003ರಲ್ಲಿ ಐಬಿಎಂ 210 ಕೋಟಿ ಡಾಲರ್ ಕೊಟ್ಟು ಆ ಟೂಲಿನ ಕಂಪನಿಯನ್ನು ಕೊಂಡಿತು. ಹೆಸರು ಬದಲಾಯಿತು, ಸ್ಲೈಡು ಬದಲಾಯಿತು. ಆಮೇಲೆ ಸಿವಿಎಸ್ ಹೋಗಿ ಸಬ್‌ವರ್ಷನ್ ಬಂತು, ಅದೂ ಹೋಗಿ ಗಿಟ್ ಬಂತು. ಕುಬರ್ನೆಟಿಸ್ ಅಂತೂ ವರ್ಷಕ್ಕೆ ಮೂರು ಹೊಸ ಆವೃತ್ತಿ ಹೆರುತ್ತದೆ. ಗಿಟ್‌ಹಬ್ 2020ರ ಅಕ್ಟೋಬರ್ 1ರಿಂದ ಹೊಸ ರೆಪಾಸಿಟರಿಗಳ ಮುಖ್ಯ ಕೊಂಬೆಗೆ ‘ಮಾಸ್ಟರ್’ ಬಿಟ್ಟು ‘ಮೇನ್’ ಎಂದು ಹೆಸರಿಡತೊಡಗಿತು; ಮೇಷ್ಟ್ರ ಸ್ಲೈಡುಗಳಲ್ಲಿ 12ರಿಂದ 30ರವರೆಗೆ ಮೇನ್, ಆಮೇಲೆ ಮಾಸ್ಟರ್. ಅದೇ ಗಿಟ್‌ಹಬ್ 2021ರ ಆಗಸ್ಟ್ 13ರ ಶುಕ್ರವಾರ, ಗಿಟ್ ಬಳಸುವಾಗ ಪಾಸ್‌ವರ್ಡ್ ಹಾಕುವ ಪದ್ಧತಿಯನ್ನೇ ನಿಲ್ಲಿಸಿತು. ಶನಿವಾರ, ಭಾನುವಾರ ಕಳೆದು, ಸ್ವಾತಂತ್ರ್ಯೋತ್ಸವವೂ ಮುಗಿದು ಸೋಮವಾರ ಕ್ಲಾಸು. 41ನೇ ಸ್ಲೈಡು ‘ನಿಮ್ಮ ಪಾಸ್‌ವರ್ಡ್ ಟೈಪ್ ಮಾಡಿ’ ಎಂದಿತು. ಎಲ್ಲರೂ ಮಾಡಿದರು.

ಆದರೆ ಹೆಸರು ಬದಲಾವಣೆಯ ಕಥೆಗಳಲ್ಲಿ ಕಿರೀಟ ಜೆಂಕಿನ್ಸಿನದು. ಕೊಹ್ಸುಕೆ ಕವಾಗುಚಿ ಸನ್ ಕಂಪನಿಯಲ್ಲಿದ್ದಾಗ ಬರೆದ ಈ ಟೂಲಿನ ಮೊದಲ ಹೆಸರು ಹಡ್ಸನ್. ಸನ್ ಅನ್ನು ಒರಾಕಲ್ ಕೊಂಡ ಮೇಲೆ ಹೆಸರಿನ ಹಕ್ಕಿಗಾಗಿ ತಕರಾರೆದ್ದು, 2011ರಲ್ಲಿ ಅದನ್ನು ಬರೆಯುವ ಬಳಗ ಜೆಂಕಿನ್ಸ್ ಎಂದು ಮರುನಾಮಕರಣ ಮಾಡಿಕೊಂಡಿತು. ಮೇಷ್ಟ್ರು ಕೂತಲ್ಲೇ ತಮ್ಮ 180 ಪುಟದ ಕೈಪಿಡಿಯಲ್ಲಿ ‘ಹಡ್ಸನ್’ ಹುಡುಕಿ ‘ಜೆಂಕಿನ್ಸ್’ ಹಾಕು ಎಂದು ಒಂದೇ ಏಟಿಗೆ ಆಜ್ಞೆ ಕೊಟ್ಟರು. ಕೈಪಿಡಿಯ ಕೊನೆಯ ಪುಟದಲ್ಲಿ ತರಬೇತಿ ನಡೆಯುವ ಜಾಗಕ್ಕೆ ದಾರಿ ಬರೆದಿತ್ತು: ಕಾರ್ಪೊರೇಷನ್ ಹತ್ತಿರ, ಹಡ್ಸನ್ ಸರ್ಕಲ್. ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದ ಹೊರಊರಿನ ನಾಲ್ವರು ಆಟೊದವರನ್ನು ಜೆಂಕಿನ್ಸ್ ಸರ್ಕಲ್ಲಿಗೆ ಬರ್ತೀರಾ ಎಂದು ಕೇಳಿದರು. ಆಟೊದವರು ‘ಬನ್ನಿ, ಮೀಟರ್ ಮೇಲೆ ಐವತ್ತು’ ಎಂದರಂತೆ.

ಲಾಕ್‌ಡೌನ್ ಬಂದಾಗ ಈ ತಿರುಗಾಟ ಒಮ್ಮೆಲೇ ನಿಂತಿತು. ಮೇಷ್ಟ್ರು ಮಲಗುವ ಕೋಣೆಯ ಮೂಲೆಯಿಂದ ಮೂವತ್ತು ಕಪ್ಪು ಚೌಕಗಳಿಗೆ ಪಾಠ ಹೇಳಿದರು. ಕಾಣಿಸ್ತಿದೆಯಾ, ಕೇಳಿಸ್ತಿದೆಯಾ ಎಂಬ ಎರಡು ಪ್ರಶ್ನೆಯಲ್ಲಿ ದಿನ ಕಳೆಯುತ್ತಿತ್ತು. ಭುಜ ಕಾಣದೆ ಅವರು ಕುರುಡಾದರು. ಒಬ್ಬಳು ವಿದ್ಯಾರ್ಥಿನಿ ಮಾತ್ರ ತಾನಾಗಿ ತಯಾರಾದಳು. ಗೋಡೆಯಾಚೆ ಅಡುಗೆಮನೆಯಲ್ಲಿದ್ದ ಹೆಂಡತಿ. ‘ರೀ, ಸಾರು ಸ್ಟೇಜಿಂಗಲ್ಲಿದೆ, ಇನ್ನೂ ಒಗ್ಗರಣೆ ಕಮಿಟ್ ಆಗಿಲ್ಲ, ಅವರಿಗೆ ಬ್ರೇಕ್ ಕೊಡಬೇಡಿ’ ಎಂದು ಒಂದು ದಿನ ಬಾಗಿಲಲ್ಲಿ ನಿಂತು ಹೇಳಿದರು. ಮೈಕ್ ಆನ್ ಇತ್ತು. ಆ ದಿನದ ಕ್ಲಾಸಿಗೆ ಮಾತ್ರ ಮೂವತ್ತೂ ಚೌಕಗಳಿಂದ ನಗುವಿನ ಚಿಹ್ನೆ ಬಂತು.

ದುಡ್ಡಿನ ಮಾತು ಎತ್ತಿದರೆ ಮೇಷ್ಟ್ರು ಕಾಫಿ ಆರಿದರೂ ಕುಡಿಯುವುದಿಲ್ಲ. ಕಂಪನಿ ಇವರನ್ನು ನೇರ ಕರೆಯುವುದು ಅಪರೂಪ, ನಡುವೆ ಒಬ್ಬ ವೆಂಡರು. ಬಿಲ್ಲು ಕೊಟ್ಟು ಅರವತ್ತು ದಿನಕ್ಕೆ ಹಣ ಎಂದು ಕರಾರು, ಬರುವುದು ತೊಂಬತ್ತಕ್ಕೆ. ಬಿಲ್ಲಿನ ಮೇಲಿನ ಶೇ. 18 ಜಿಎಸ್‌ಟಿಯನ್ನು ಮಾತ್ರ ಮುಂದಿನ ತಿಂಗಳ 20ರೊಳಗೆ ಸ್ವಂತ ಜೇಬಿನಿಂದ ಕಟ್ಟಿರಬೇಕು. ಹಣ ಬಂದಾಗ ಅದರಲ್ಲಿ ಶೇ. 10 ಟಿಡಿಎಸ್ ಹಿಡಿದಿರುತ್ತಾರೆ. ಪ್ರತಿಯೊಂದು ಬದಲಾವಣೆಯನ್ನೂ ಸೆಕೆಂಡಿನ ಲೆಕ್ಕದಲ್ಲಿ ನೆನಪಿಡುವ ಟೂಲನ್ನು ಕಲಿಸುವ ಮನುಷ್ಯನ ಇನ್‌ವಾಯ್ಸು ಎಲ್ಲಿ ಕೂತಿದೆ ಎಂದು ವೆಂಡರಿನ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಯಾರಿಗೂ ನೆನಪಿರುವುದಿಲ್ಲ.

ಈಚೆಗೆ ಪರಿಚಯದ ಸುತ್ತಿನಲ್ಲೇ ಹೊಸ ಪ್ರಶ್ನೆ: ‘ಇದನ್ನೆಲ್ಲ ಎಐ ಮಾಡುತ್ತಲ್ಲ ಸಾರ್?’ ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ; 2023ರಲ್ಲಿ ಮೇಷ್ಟ್ರಿಗೆ ಒಂದೆರಡು ತಿಂಗಳು ನಿದ್ದೆ ಬರಲಿಲ್ಲ ಎಂಬುದು ನಿಜ. ಆಮೇಲೆ ಕ್ಲಾಸಿನಲ್ಲೇ ಒಂದು ಪ್ರಸಂಗ ನಡೆಯಿತು. ಒಬ್ಬ ಹುಡುಗನ ಕೋಡನ್ನು ಸರ್ವರು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನು ಮೇಷ್ಟ್ರನ್ನು ಕೇಳದೆ ಎಐಯನ್ನು ಕೇಳಿದ. ಅದು ವಿನಯದಿಂದ ನಾಲ್ಕು ಆಜ್ಞೆ ಬರೆದುಕೊಟ್ಟಿತು, ನಾಲ್ಕನೆಯದು ಫೋರ್ಸ್ ಪುಶ್. ಹುಡುಗ ನಾಲ್ಕನ್ನೂ ಅಂಟಿಸಿದ. ಪಕ್ಕದ ಹುಡುಗಿಯ ಬೆಳಗಿನ ಕೆಲಸವೆಲ್ಲ ಸರ್ವರಿನಿಂದ ಮಾಯ. ಆಕೆಯ ಕಣ್ಣಲ್ಲಿ ನೀರು, ಇವನ ಮುಖದಲ್ಲಿ ರಕ್ತವಿಲ್ಲ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಇಬ್ಬರ ನಡುವೆ ಕೂತರು. ‘ಅಳಬೇಡಮ್ಮ. ಗಿಟ್ಟಲ್ಲಿ ಪ್ರತಿಯೊಬ್ಬರ ಹತ್ರನೂ ಪೂರ್ತಿ ದಾಖಲೆ ಇರುತ್ತೆ. ನಿನ್ನ ಲ್ಯಾಪ್‌ಟಾಪಲ್ಲಿ ನೋಡು, ಇದೆ.’ ಇತ್ತು. ಹತ್ತು ನಿಮಿಷದಲ್ಲಿ ಎಲ್ಲ ಸ್ವಸ್ಥಾನಕ್ಕೆ ಬಂತು. ಅಂದು ರಾತ್ರಿ ಮೇಷ್ಟ್ರಿಗೆ ಒಳ್ಳೆಯ ನಿದ್ದೆ. ಈಗ ಅವರ ಪಟ್ಟಿಯಲ್ಲಿ ‘ಎಐ ಜೊತೆ ಗಿಟ್’ ಎಂಬ ಹೊಸ ತರಬೇತಿ ಇದೆ. ಮೊದಲ ಸ್ಲೈಡು ಹೊಸದು.

ಎರಡನೇ ದಿನ ಸಂಜೆ ಐದಕ್ಕೆ ಫೀಡ್‌ಬ್ಯಾಕ್ ಫಾರ್ಮು. ತರಬೇತಿಯನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರೊಫೆಸರು 1959ರಲ್ಲಿ ನಾಲ್ಕು ಮೆಟ್ಟಿಲು ಹೇಳಿದ್ದರು: ಕಲಿಯುವವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಸಂಸ್ಥೆಗೆ ಏನು ಫಲ ಸಿಕ್ಕಿತು. ಇವರು ಹೋಗುವ ಬಹುಪಾಲು ಕಡೆ ಮೊದಲ ಮೆಟ್ಟಿಲಲ್ಲೇ ಎಲ್ಲರೂ ಕೂತುಬಿಡುತ್ತಾರೆ. ಐದಕ್ಕೆ ಎಷ್ಟು? 4.5 ಬಂದರೆ ಮತ್ತೆ ಕರೆಯುತ್ತಾರೆ, 4ಕ್ಕಿಂತ ಇಳಿದರೆ ವೆಂಡರು ಫೋನು ಎತ್ತುವುದಿಲ್ಲ.

ಮೇಷ್ಟ್ರು ಹಿಂದಿರುಗುವ ವಿಮಾನದ ಗೇಟಿನಲ್ಲಿ, ಚಾರ್ಜಿಂಗ್ ಪಾಯಿಂಟ್ ಇರುವ ಕುರ್ಚಿ ಹಿಡಿದು, ಆ ಫಾರ್ಮುಗಳ ಷರಾ ಓದುತ್ತಾರೆ. ‘ಎಸಿ ಜಾಸ್ತಿ ತಣ್ಣಗಿತ್ತು, 3.’ ‘ಗುಡ್ ಸೆಷನ್, ಬಟ್ ಪಾರ್ಕಿಂಗ್ ಇಲ್ಲ, 4.’ ‘ಇನ್ನೂ ಅಡ್ವಾನ್ಸ್ಡ್ ಬೇಕಿತ್ತು’: ಇದು ವಿಮ್‌ನೊಳಗೆ ಇಪ್ಪತ್ತು ನಿಮಿಷ ಸಿಕ್ಕಿಬಿದ್ದಿದ್ದವರದು. ‘ಟ್ರೇನರ್ ತುಂಬಾ ಹೆಲ್ಪ್‌ಫುಲ್, ಪನೀರ್ ಹಳಸಿತ್ತು, 2.’ ತಿಪಟೂರಿಗೆ ಫೋನು ಮಾಡಿದರೆ ಹೆಡ್‌ಮಾಸ್ಟರು ಈಗಲೂ ಕೇಳುವುದು ಒಂದೇ: ‘ಈ ಸಲ ಎಷ್ಟು ಬಂತೋ ಮಾರ್ಕ್ಸು?’

ನಿಮ್ಮ ಆಫೀಸಿಗೂ ಇವರು ಒಂದಲ್ಲ ಒಂದು ಸೋಮವಾರ ಬಂದೇ ಬರುತ್ತಾರೆ. ಫಾರ್ಮು ತುಂಬುವಾಗ ಊಟ ಚೆನ್ನಾಗಿರಲಿಲ್ಲ ಅನ್ನಿಸಿದರೆ, ದಯವಿಟ್ಟು ಅದನ್ನು ಕ್ಯಾಂಟೀನಿನವರಿಗೆ ಹೇಳಿ.